ಕೆಸುವಿನ ಕೊದ್ದೆಲು ಮತ್ತು ಡೊಂಬಿವಲಿಯ ಬೀಗರು

ಮುಂಬಯಿಯ ಆಸುಪಾಸಿನಲ್ಲಿ ಬದುಕುವವನು ತನ್ನ ಊರು ಉಡುಪಿ ಎಂದು ಬಾಯಿಬಿಡಬಾರದು. ಬಿಟ್ಟನೋ, ಎದುರಿಗಿದ್ದವರ ಮುಂದಿನ ಪ್ರಶ್ನೆ ‘ಹಾಟೇಲ್ ಕುಠೆ ಆಹೆ?’, ಹೋಟೆಲ್ ಎಲ್ಲಿದೆ ಎಂದೇ. ನನಗೆ ಹೋಟೆಲಿಲ್ಲ, ಮಹಾಪೆಯ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ ಎಂದರೆ ಅವರ ಮುಖ ಸಣ್ಣದಾಗುತ್ತದೆ. ಆದರೂ ಮನೆಯಲ್ಲಿ ಅಡುಗೆ ನಿಮ್ಮದೇ ಇರಬೇಕಲ್ಲ ಎಂದು ಅವರೇ ಸಮಾಧಾನ ಮಾಡಿಕೊಳ್ಳುತ್ತಾರೆ. ಸತ್ಯವಾಗಿ ಹೇಳುತ್ತೇನೆ, ನನಗೆ ಬರುವುದು ಚಹಾ. ಅದೂ ಹಾಲು ಉಕ್ಕುವ ಹೊತ್ತಿಗೆ ಯಾರಾದರೂ ಪಕ್ಕದಲ್ಲಿದ್ದರೆ ಒಳ್ಳೆಯದು.

ಇಂಥ ನನ್ನ ತಲೆಯ ಮೇಲೆ ಮಗಳ ಮದುವೆಯ ಅಡುಗೆ ಬಂದು ಕೂತಿತು. ಮದುವೆಯದಲ್ಲ, ಮದುವೆ ಆಗಬೇಕೋ ಬೇಡವೋ ಎಂದು ತೀರ್ಮಾನಿಸುವ ಊಟದ್ದು. ಮಗಳು ಸ್ವಾತಿ ತನ್ನ ಆಫೀಸಿನ ಅಮೇಯ ಎಂಬ ಹುಡುಗನನ್ನು ಮೆಚ್ಚಿದ್ದಳು. ಅವನ ತಂದೆ ತಾಯಿ ಡೊಂಬಿವಲಿಯವರು, ಮರಾಠಿಯವರು. ತಂದೆ ಹೆಚ್ಚು ಮಾತಿನವರಲ್ಲ, ತಾಯಿಯ ಮಾತೇ ಕೊನೆಯ ಮಾತು ಎಂದು ಮಗಳು ಮೊದಲೇ ಎಚ್ಚರಿಸಿದ್ದಳು. ಆ ತಾಯಿ ಫೋನಿನಲ್ಲಿ, ‘ರವಿವಾರ ಊಟಕ್ಕೆ ಬರುತ್ತೇವೆ, ನೀವು ಉಡುಪಿಯವರು ಅಳೂ ಹೇಗೆ ಮಾಡುತ್ತೀರೋ ನೋಡಬೇಕು’ ಎಂದಿದ್ದರು. ಅಳೂ ಎಂದರೆ ನಮ್ಮ ಕೆಸುವಿನ ಸೊಪ್ಪು. ಅವರಲ್ಲಿ ಮದುವೆಯೂಟಕ್ಕೆ ಅದರ ಭಾಜಿ ಇಲ್ಲದಿದ್ದರೆ ಊಟವೇ ಅಲ್ಲವಂತೆ. ಪರೀಕ್ಷೆ ಎಂದು ಅವರು ಹೇಳಲಿಲ್ಲ, ನಮಗೆ ಗೊತ್ತಾಯಿತು.

ಶನಿವಾರ ನನ್ನ ಹೆಂಡತಿ ಶಾರದೆ ಸೀವುಡ್ಸ್ ಸ್ಟೇಷನ್ನಿನ ಮೆಟ್ಟಿಲಲ್ಲಿ ಜಾರಿ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಳು. ಊಟ ಮುಂದೂಡೋಣ ಎಂದೆ. ‘ಶುಭಕಾರ್ಯ ಮುಂದೆ ಹಾಕುದಾ? ನಾನು ಕೂತು ಹೇಳ್ತೇನೆ, ನೀವು ಮಾಡಿ. ಅದರಲ್ಲಿ ಎಂತ ಉಂಟು?’ ಎಂದಳು. ರವಿವಾರ ಬೆಳಿಗ್ಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ಕೂತೇಬಿಟ್ಟಳು. ಆಮೇಲೆ ಉಗುರಿಗೆ ಕೆಲಸ ಬೀಳದಿರಲಿ ಎಂದು ನಾನು ಕೈಗೆ ತೆಂಗಿನೆಣ್ಣೆ ಸವರಿಕೊಂಡು ಸೊಪ್ಪು, ದಂಟು ಹೆಚ್ಚಿದೆ. ಬೇಳೆ, ಹಲಸಿನ ಬೀಜ ಬೇಯಿಸಿದೆ. ಕಾಯಿ, ಹುರಿದ ಮೆಣಸು, ಕೊತ್ತಂಬರಿ ರುಬ್ಬಿದೆ.

ಕೆಸುವಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ಎರಡು ಕಟ್ಟಳೆಗಳಿವೆ. ಹುಳಿ ಸರಿಯಾಗಿ ಬೀಳದಿದ್ದರೆ ಕೆಸು ನಾಲಿಗೆ, ಗಂಟಲನ್ನು ಏನು ಮಾಡುತ್ತದೆ ಎಂದು ನಿಮಗೆ ಗೊತ್ತು. ಅದು ಒಲೆಯ ಮೇಲಿರುವಾಗ ಆ ಮಾತನ್ನು ಬಾಯಲ್ಲಿ ಆಡಕೂಡದು. ಆಡಿದರೆ ಹಾಗೆಯೇ ಆಗುತ್ತದೆ ಎಂದು ನನ್ನ ಅಮ್ಮ ನಂಬಿದ್ದಳು, ಈಗ ಶಾರದೆ ಅಮ್ಮನಿಗಿಂತ ಹೆಚ್ಚು ನಂಬುತ್ತಾಳೆ. ಇನ್ನೊಂದು, ದೇವರಿಗೆ ನೈವೇದ್ಯವಾಗದೆ ರುಚಿ ನೋಡುವಂತಿಲ್ಲ. ಯಾವುದನ್ನು ಅಗತ್ಯವಾಗಿ ರುಚಿ ನೋಡಬೇಕೋ ಅದನ್ನು ನೋಡುವಂತಿಲ್ಲ, ಯಾವುದನ್ನು ಅಗತ್ಯವಾಗಿ ಕೇಳಬೇಕೋ ಅದನ್ನು ಕೇಳುವಂತಿಲ್ಲ. ಇಂಥ ಅಡುಗೆಯನ್ನು ಕಲಿಯದೆ ಇದ್ದದ್ದು ನನ್ನ ತಪ್ಪೇ?

ಕೊದ್ದೆಲು, ಎಂದರೆ ನಮ್ಮೂರ ಕಡೆಯ ಸಾಂಬಾರು, ಕುದಿಯುತ್ತಿತ್ತು. ಆಗ ಇಂಟರ್‌ಕಾಮ್ ಹೊಡೆದುಕೊಂಡಿತು. ಹಳಿ ರಿಪೇರಿಗೆಂದು ರವಿವಾರ ರೈಲು ನಿಲ್ಲಿಸುವ ಮೆಗಾಬ್ಲಾಕಿಗೆ ಹೆದರಿ ಬೇಗ ಹೊರಟವರಿಗೆ, ರೈಲು ಬದಲಿಸುವ ಠಾಣೆಯಲ್ಲಿ ಕಾಯದೆ ಮುಂದಿನದು ಸಿಕ್ಕಿಬಿಟ್ಟಿತ್ತಂತೆ, ಬೀಗರು ಆಗಲೇ ಗೇಟಿನಲ್ಲಿದ್ದರು. ನಾನು ಲುಂಗಿ ಬಿಚ್ಚಿ ಪ್ಯಾಂಟು ಏರಿಸಲು ಓಡಿದೆ. ಮರಳಿ ಬಂದಾಗ ಶಾರದೆ, ‘ಎಲ್ಲ ಹಾಕಿದ್ರಾ?’ ಎಂದಳು. ‘ಎಲ್ಲ ಹಾಕಿದೆ’ ಎಂದೆ, ಉಪ್ಪು ಬೆಲ್ಲ ಹಾಕಿದ ಧೈರ್ಯದಲ್ಲಿ. ಒಗ್ಗರಣೆ ಚುರ್ ಎಂದಿತು. ದೇವರಿಗೆ ಗಡಿಬಿಡಿಯಲ್ಲಿ ತೋರಿಸಿದೆ. ಅಮೇಯನನ್ನೂ ಅವನ ತಂದೆ ತಾಯಿಯನ್ನೂ ಮೇಜಿಗೆ ಕೂರಿಸಿ ಬಡಿಸಿದೆ.

ತುಪ್ಪ ತರಲು ಒಳಗೆ ಬಂದವನಿಗೆ ಮಿಕ್ಸಿಯ ಹಿಂದೆ ಮುಚ್ಚಿಟ್ಟ ಒಂದು ಬಟ್ಟಲು ಕಂಡಿತು. ತಟ್ಟೆ ಎತ್ತಿದೆ. ಕಿವುಚಿಟ್ಟ ಹುಣಸೆರಸ, ತುಂಬಿದ್ದು ತುಂಬಿದಂತೆಯೇ ಇತ್ತು. ಹೊರಗೆ ನನ್ನ ಮಗಳ ಬಾಳು ಬೀಗರ ಗಂಟಲಿಗೆ ಇಳಿಯುವುದರಲ್ಲಿತ್ತು.

ಓಡಿಬಂದು ಬೀಗಿತ್ತಿಯ ಮುಂದಿನ ಬಟ್ಟಲಿಗೆ ಕೈ ಹಾಕಿದೆ. ‘ಇದು ಆರಿಹೋಗಿದೆ, ಬಿಸಿ ಮಾಡಿ ತರುತ್ತೇನೆ’ ಎಂದು ಹಿಂದಿಯಲ್ಲಿ ತೊದಲಿದೆ. ‘ನಕೋ ನಕೋ, ಗರಮ್ ಆಹೆ’ ಎಂದು ಅವರು ಬಟ್ಟಲನ್ನು ತಮ್ಮತ್ತ ಎಳೆದುಕೊಂಡರು. ಅದರಿಂದ ಇನ್ನೂ ಹಬೆ ಏಳುತ್ತಿತ್ತು. ‘ಪಪ್ಪಾ, ಖಾನೇ ದೋ ನಾ’, ಉಣ್ಣಲು ಬಿಡಿ ಎಂದು ಮಗಳು ಹಲ್ಲು ಕಚ್ಚಿದಳು.

ಅವರು ಕಲಸಿದರು, ಬಾಯಿಗಿಟ್ಟರು. ಮೊದಲು ಬೀಗರ ಕೈ ನಿಂತಿತು. ಕುತ್ತಿಗೆ ಮುಟ್ಟಿಕೊಂಡು ಏನೋ ಹೇಳಹೊರಟರು, ಹೆಂಡತಿಯ ಒಂದು ನೋಟಕ್ಕೆ ಬಾಯಿ ಮುಚ್ಚಿ ನೀರು ಕುಡಿದರು. ಅಮೇಯನ ತುಟಿ ಕೆಂಪಾಯಿತು. ನುಂಗುವಂತಿಲ್ಲ, ಉಗುಳುವಂತಿಲ್ಲ ಎನ್ನುತ್ತಾರಲ್ಲ, ಅದನ್ನು ಕಣ್ಣಾರೆ ಕಂಡದ್ದು ಅಂದೇ. ನನಗೆ ಅಳು ಬರುವಂತಾಗಿತ್ತು. ಹುಡುಗ ಮೆಲ್ಲಗೆ, ‘ಕಾಕಾ, ಥೋಡಂ ತಾಕ್?’ ಎಂದ. ಮಜ್ಜಿಗೆಯ ಪಾತ್ರೆಯನ್ನೇ ತಂದು ನಡುವೆ ಇಟ್ಟೆ. ಅದರ ಸುತ್ತ ಡೊಂಬಿವಲಿಯವರು ಒಗ್ಗಟ್ಟಾದರು.

‘ಛಾನ್ ಝಾಲಿಯೆ. ಅಜೂನ್ ಥೋಡಿ ವಾಢಾ’ ಎಂದರು ಬೀಗಿತ್ತಿ. ಚೆನ್ನಾಗಿದೆ, ಇನ್ನಷ್ಟು ಬಡಿಸಿ! ಅವರ ಕಣ್ಣಲ್ಲಿ ನೀರಿತ್ತು. ಬಡಿಸಿದೆ. ಅವರು ಬಟ್ಟಲಿನ ತಳ ಕಾಣುವಂತೆ ಉಂಡು, ಕೈ ತೊಳೆಯಲು ನೇರ ಅಡುಗೆಮನೆಗೆ ನಡೆದರು. ಹಿಂದೆಯೇ ಹೋದೆ. ಗಡಿಬಿಡಿಯಲ್ಲಿ ನಾನು ತೆರೆದೇ ಬಿಟ್ಟಿದ್ದ ಹುಣಸೆರಸದ ಮುಂದೆ ಅವರು ನಿಂತಿದ್ದರು. ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು. ‘ಅಳೂ ಮಾಡಿದ ದಿನ ಆ ಮಾತು ಆಡಬಾರದು ಅಂತ ನಮ್ಮ ಅತ್ತೆಯೂ ಹೇಳುತ್ತಿದ್ದರು’ ಎಂದು ಮರಾಠಿಯಲ್ಲಿ ಹೇಳಿ, ತಟ್ಟೆಯನ್ನು ಬಟ್ಟಲಿನ ಮೇಲೆ ಮೆಲ್ಲಗೆ ಮುಚ್ಚಿದರು. ಆ ಹೆಂಗಸಿನ ಕಾಲಿಗೆ ಬೀಳಬೇಕೆನಿಸಿತು ನನಗೆ.

ಹೊರಡುವಾಗ ಲಿಫ್ಟಿನೊಳಗಿಂದ, ‘ಮುಂದಿನ ರವಿವಾರ ನೀವು ಡೊಂಬಿವಲಿಗೆ ಬನ್ನಿ. ಮುಹೂರ್ತದ ಮಾತಾಡೋಣ. ಅಳೂ ನಾನೇ ಮಾಡುತ್ತೇನೆ’ ಎಂದರು. ಬಾಗಿಲು ಮುಚ್ಚುತ್ತಿದ್ದಂತೆ ಸ್ವಾತಿ ಅಮ್ಮನ ಪ್ಲಾಸ್ಟರಿಗೂ ದಯೆ ತೋರದೆ ತಬ್ಬಿಕೊಂಡಳು.

ನಾವು ಉಣ್ಣಲು ಕೂತೆವು. ಅಷ್ಟರಲ್ಲಿ ಶಾರದೆಗೆ ಎಲ್ಲ ತಿಳಿದಿತ್ತು. ಅವಳು ಮಗಳ ಕೈಯಿಂದ ಉಳಿದ ಕೊದ್ದೆಲಿಗೆ ಹುಣಸೆರಸ ಸುರಿಸಿ, ಮತ್ತೆ ಚೆನ್ನಾಗಿ ಕುದಿಸಿದ್ದಳು. ನನ್ನ ಪಾಲನ್ನು ಮಾತ್ರ ಅದಕ್ಕೆ ಮೊದಲೇ ಬೇರೆ ತೆಗೆದಿಟ್ಟಿದ್ದಳು. ‘ಬೀಗರು ಉಂಡದ್ದನ್ನು ಯಜಮಾನರು ಉಣ್ಣದಿದ್ದರೆ ಚಂದ ಅಲ್ಲ ಮಾರಾಯ್ರೆ’ ಎಂದು ಎಡಗೈಯಲ್ಲೇ ಬಟ್ಟಲನ್ನು ನನ್ನತ್ತ ತಳ್ಳಿದಳು. ನಾನು ಕಲಸಿ ಬಾಯಿಗಿಟ್ಟೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

‘ಹೇಗುಂಟು?’

‘ಚೆನ್ನಾಗಿದೆ’ ಎಂದು ಮಜ್ಜಿಗೆಯ ಪಾತ್ರೆಯತ್ತ ಕೈ ಚಾಚಿದೆ. ಒಂದು ಹನಿಯನ್ನೂ ಬಿಡದೆ ಡೊಂಬಿವಲಿಯವರು ಕುಡಿದುಹೋಗಿದ್ದರು.