ಅತ್ತೆಗೊಂದು ಸೀನು

ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದ ಪ್ರೂಫಣ್ಣನಿಗೆ ಬೆಕ್ಕೆಂದರೆ ಪ್ರಾಣ. ಬೆಕ್ಕಿನ ಕೂದಲಿಗೋ, ಇವನ ಪ್ರಾಣವೇ ಬೇಕು. ಒಮ್ಮೆ ಸವರಿದರೆ ಸಾಕು, ಕಣ್ಣು ಟೊಮೆಟೊ, ಮೂಗು ನಲ್ಲಿ, ಗಂಟಲು ಬೀಗ ಜಡಿದ ಬಾಗಿಲು.

ಅಂದು ಬೆಳಿಗ್ಗೆ ಕಾಗದದ ಕೋಣೆಗೆ ಹೋದರೆ, ಅಲ್ಲಿನ ಬೂದು ಬೆಕ್ಕು ರೀಮುಗಳ ಮೇಲೆ ಅಂಗಾತ ಮಲಗಿ ಹೊಟ್ಟೆ ತೋರಿಸುತ್ತಿತ್ತು. ‘ಒಂದೇ ಒಂದು ಸಲ’ ಎಂದುಕೊಂಡು ಸವರಿದ. ಬೆಕ್ಕು ಗುರ್‌ರ್ ಎಂದಿತು. ಕೊನೆಗೆ ಅದರ ಹೊಟ್ಟೆಯಲ್ಲಿ ಮುಖವನ್ನೇ ಹುದುಗಿಸಿಬಿಟ್ಟ.

ಮೇಜಿಗೆ ಮರಳುವಷ್ಟರಲ್ಲಿ ಅಕ್ಷರಗಳೆಲ್ಲ ನೀರಿಗೆ ಬಿದ್ದ ಇರುವೆಗಳಂತೆ ಈಜಾಡುತ್ತಿದ್ದವು. ಕಣ್ಣೀರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

“ಅಯ್ಯೋ, ಯಾಕಣ್ಣ ಅಳ್ತಿದೀಯ?” ಪುಸ್ತಕ ಹೊಲಿಯುವ ಬೈಂಡರಕ್ಕ ಓಡಿ ಬಂದಳು.

ನಿಜ ಹೇಳುವಂತಿಲ್ಲ. “ಆ ಬೆಕ್ಕಿಂದ ಕೆಲಸ ಕೆಡ್ತೋ, ಚೀಲಕ್ಕೆ ಹಾಕಿ ಊರಾಚೆ ಬಿಟ್ಟು ಬರ್ತೀನಿ” ಎಂದು ಮಾಲೀಕರು ಮೊನ್ನೆಯಷ್ಟೇ ಗುಡುಗಿದ್ದರು. ಏನಾದರೊಂದು ಸುಳ್ಳು ಹೇಳೋಣವೆಂದು ಬಾಯಿ ತೆರೆದ. ಸುಳ್ಳಿಗಿಂತ ಮೊದಲು ಸೀನು ಬಂತು.

“ಅ... ಅ... ಅತ್ಸೇ!”

“ಅತ್ತೇನಾ? ಮಗಳ ಮನೆಗೆ ಬಂದಿದಾರೆ, ಮಂಡಿನೋವು ಅಂದಿದ್ಯಲ್ಲ, ಅವರಾ? ಏನಾಯ್ತು?”

ಅಲ್ಲವೆನ್ನಲು ಪ್ರೂಫಣ್ಣ ತಲೆಯನ್ನು ಅತ್ತಿತ್ತ ಆಡಿಸಿದ. ಗಂಟಲಿನಿಂದ ಕಷ್ಟಪಟ್ಟು ಹೊರಬಿದ್ದದ್ದು ಒಂದೇ ಮಾತು: “ಇಲ್ಲ... ಇಲ್ಲ...”

“ಅಯ್ಯಯ್ಯೋ! ಅತ್ತೆ ಇಲ್ವಂತೆ!”

ಯಂತ್ರಗಳು ಒಂದೊಂದಾಗಿ ನಿಂತವು. “ಮಂಡಿನೋವಿಗೆ ಯಾರಾದ್ರೂ ಸಾಯ್ತಾರೇನೇ?” ಎಂದ ಮೆಷಿನ್ ಮಾಮ.

“ನೋವು ಮೇಲಕ್ಕೇರಿರಬೇಕು” ಎಂದಳು ಬೈಂಡರಕ್ಕ.

ಗದ್ದಲ ಕೇಳಿ ಬಂದ ಮಾಲೀಕರಿಗೂ ಮನಸ್ಸು ಕರಗಿತು. “ಅತ್ತೆಗೋಸ್ಕರ ಹಿಂಗೆ ಅಳೋ ಅಳಿಯನ್ನ ನನ್ನ ಜನ್ಮದಲ್ಲೇ ನೋಡಿಲ್ಲ. ಕಾರ್ಡು ನಮ್ಮ ಕಡೆಯಿಂದ. ಹೊಡೀರಿ!”

ಯಾವ ಕಾರ್ಡು, ಯಾರಿಗೆ ಹೊಡೆಯುವುದು, ಸೀನಿ ಸೀನಿ ಕಿವಿಯೂ ಕಟ್ಟಿಹೋಗಿದ್ದ ಪ್ರೂಫಣ್ಣನಿಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಮಾಮ ಅವನ ಮುಂದೊಂದು ಹಾಳೆ ಇಟ್ಟ. “ದುಃಖದಲ್ಲಿದೀಯ, ಆದ್ರೂ ಒಂಚೂರು ನೋಡ್ಬಿಡಪ್ಪ.” ಕಪ್ಪು ಅಂಚು ಬಿಟ್ಟರೆ ಬೇರೇನೂ ಕಾಣದ ಪ್ರೂಫಣ್ಣ, ಅಭ್ಯಾಸಬಲದಿಂದ ‘ಸರಿ ಇದೆ’ ಎಂದು ಸಹಿ ಗೀಚಿದ.

ಮುಂದಿನದೆಲ್ಲ ಅವನಿಗೆ ಕನಸಿನಂತೆ. ಯಾರೋ ರಟ್ಟೆ ಹಿಡಿದು ವ್ಯಾನಿಗೆ ಹತ್ತಿಸಿದರು. ಯಾರೋ ಬೆನ್ನು ನೇವರಿಸಿದರು. ಯಾರೋ ತೊಡೆಯ ಮೇಲೆ ದೊಡ್ಡದೊಂದು ಹೂವಿನ ಹಾರ ಇಟ್ಟರು. ತನಗೇನೋ ಸನ್ಮಾನವಿರಬೇಕೆಂದು ಅವನು ಹಾರಕ್ಕೂ ಒಂದು ಬಾರಿ ಸೀನಿದ.

ಅವನ ಮನೆಯ ಬಾಗಿಲು ತೆರೆದವರು ಸಾಕ್ಷಾತ್ ಅತ್ತೆ. ಕೈಯಲ್ಲಿ ಚೀಲ; ಆಗಷ್ಟೇ ಊರಿಗೆ ಹೊರಟು ನಿಂತಿದ್ದರು.

ಬೈಂಡರಕ್ಕ ಕಿಟಾರನೆ ಕಿರುಚಿದಳು. ಮಾಲೀಕರ ಕೈಯಿಂದ ಕಾರ್ಡುಗಳು ಜಾರಿ ಹೊಸಿಲ ತುಂಬ ಹರಡಿದವು. ಅತ್ತೆ ಒಂದನ್ನು ಎತ್ತಿ, ತಮ್ಮ ಮರಣವಾರ್ತೆಯನ್ನು ಕೊನೆಯಕ್ಷರದವರೆಗೂ ಓದಿದರು.

ಅತ್ತೆ ತಲೆಯೆತ್ತಿ ಅಳಿಯನ ಕೆಂಗಣ್ಣು, ಸುರಿವ ಮೂಗು ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು.

“ನನ್ನ ಹೊಟ್ಟೇಲಿ ಹುಟ್ಟಿದೋರೂ ನಂಗೋಸ್ಕರ ಹಿಂಗೆ ಅತ್ತಿಲ್ಲಪ್ಪ! ಇಂಥ ಅಳಿಯನ್ನ ಬಿಟ್ಟು ಹ್ಯಾಗೆ ಹೋಗ್ಲಿ? ಇನ್ಮೇಲೆ ಸಾಯೋವರೆಗೂ ಇಲ್ಲೇ ಇದ್ಬಿಡ್ತೀನಿ. ಸಾಮಾನು ನಾಳೆ ತರಿಸಿದ್ರಾಯ್ತು. ಹೆಚ್ಚೇನಿಲ್ಲ, ಒಂದು ಟ್ರಂಕು, ಆಮೇಲೆ ನನ್ನ ನಾಲ್ಕು ಬೆಕ್ಕು.”

ತವರಿನಲ್ಲಿ ಬೆಕ್ಕುಗಳಿವೆಯೆಂದು ಗೊತ್ತಾದರೆ ಗಂಡ ಅಲ್ಲೇ ಠಿಕಾಣಿ ಹೂಡುತ್ತಾನೆಂದು ಹೆಂಡತಿ ಇಷ್ಟು ದಿನ ಈ ಗುಟ್ಟನ್ನು ಮುಚ್ಚಿಟ್ಟಿದ್ದಳು. ಪ್ರೂಫಣ್ಣನ ಊದಿದ ಮುಖದಲ್ಲಿ ನಗು ಅರಳಿತೋ, ಅಳು ಉಕ್ಕಿತೋ, ಅವನಿಗೇ ತಿಳಿಯಲಿಲ್ಲ.

ಅತ್ತೆಯ ಹಿಂದೆಯೇ ನಿಂತಿದ್ದ ಹೆಂಡತಿ ಮುಂದೆ ಬಂದು ಅವನ ಅಂಗಿಯ ಮೇಲಿನ ಬೂದು ಕೂದಲೊಂದನ್ನು ಹೆಕ್ಕಿ, ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಕಾರ್ಡುಗಳನ್ನು ಆಯತೊಡಗಿದ ಮಾಲೀಕರತ್ತ ತಿರುಗಿದಳು.

“ಎಸೀಬೇಡಿ ಸಾರ್, ಇಟ್ಟಿರಿ. ಹೆಸರೊಂದು ಬದಲಾಯಿಸಿದ್ರೆ ನಾಡಿದ್ದು ಇವರಿಗೇ ಆಗುತ್ತೆ.”