ಸಬ್‌ಟೈಟಲ್ ಇಲ್ಲದ ಕೊರಿಯನ್

ಸೀರಿಯಲ್ ನೋಡಿ ಭಾಷೆ ಕಲಿತವರಿಗೆ ಮಾತಿಗಿಂತ ಮೊದಲು ಗಂಡಾಂತರ ಬರುತ್ತೆ. ಸಿಡ್ನಿಯಲ್ಲಿದ್ದಾಗ ಅತ್ತೆ ಜೊತೆ ಕೂತು ಕೊರಿಯನ್ ಸೀರಿಯಲ್ ನೋಡೋ ಚಟ ಹತ್ತಿಸಿಕೊಂಡೆ. ಅಳು, ಸಿಟ್ಟು, ಗಾಬರಿಯ ಮಾತೆಲ್ಲ ಬಾಯಿಗೆ ಬಂತು. "ಬಸ್ ಎಷ್ಟು ಹೊತ್ತಿಗೆ?" ಅನ್ನೋದು ಮಾತ್ರ ಇವತ್ತಿಗೂ ಬರಲ್ಲ.

ಅಳಬೇಡ

ಮ್ಯಾಕ್ವೆರಿ ಪಾರ್ಕಿನ ಆಫೀಸಿನಲ್ಲಿ ನನ್ನ ಮ್ಯಾನೇಜರ್ ಕೊರಿಯಾದವರು, ಮಹಾ ಗಂಭೀರ ಹೆಂಗಸು. ಹೊಸ ಸಾಫ್ಟ್‌ವೇರ್ ಹಾಕಿದ ಬೆಳಿಗ್ಗೆಯೇ ಸಿಸ್ಟಮ್ ಮಲಗಿಬಿಡ್ತು. ಮೀಟಿಂಗ್ ರೂಮಿನಲ್ಲಿ ಉಸಿರಾಡೋಕೂ ಭಯ. ಅವರು ಹಣೆ ಹಿಡಿದುಕೊಂಡು "ಒತ್ತೊಕೆ..." ಅಂದರು. ಏನ್ ಮಾಡ್ಲಿ ಅಂತ ಅರ್ಥ. ನನಗೆ ಕರುಳು ಚುರ್ ಅಂತು. ಹೀರೋ ಧಾಟಿಯಲ್ಲೇ "ಉಲ್ಜಿಮಾ" ಅಂದುಬಿಟ್ಟೆ. ಅಳಬೇಡ ಕಣೇ ಅಂತ!

ಅವರು ನಿಧಾನಕ್ಕೆ ತಲೆ ಎತ್ತಿದರು. "ನಾನಿನ್ನೂ ಶುರು ಮಾಡಿಲ್ಲ. ಮಧ್ಯಾಹ್ನದೊಳಗೆ ಸಿಸ್ಟಮ್ ಏಳದಿದ್ರೆ, ಅಳೋರು ಯಾರು ಅಂತ ನೋಡೋಣ."

ಅಪ್ಪಾ

ಅತ್ತೆಗೆ ಭುಜ ಹಿಡಿದಿತ್ತು. ಫಿಸಿಯೋ ಕೊರಿಯನ್ ಹುಡುಗ. ತೋಳು ಎತ್ತುತ್ತಿದ್ದ ಹಾಗೇ ಅತ್ತೆ "ಅಪ್ಪಾ!" ಅಂತ ಕಿರುಚಿದರು. ಅವನು ಬೆಚ್ಚಿಬಿದ್ದು ಕೈಬಿಟ್ಟ. "ಇವರಿಗೆ ಕೊರಿಯನ್ ಬರುತ್ತಾ?" ಅಂತ ಕೇಳಿದ.

ನಾನು ಅತ್ತೆಗೆ ಹೇಳಿದೆ, "ಅವರಲ್ಲಿ ಅಪಾ ಅಂದ್ರೆ ನೋವು ಅಂತ."

ಅತ್ತೆ ಪಕ್ಕದಲ್ಲಿ ನಿಂತಿದ್ದ ಮಗನನ್ನು, ಅಂದ್ರೆ ನನ್ನ ಗಂಡನನ್ನು, ನೋಡಿ, "ಸರಿಯಾಗೇ ಇಟ್ಟಿದಾರೆ ಹೆಸರು. ಮದುವೆಯಾದಾಗಿನಿಂದ ನನಗೆ ನೋವು ಕೊಟ್ಟಿದ್ದೇ ಇವನಪ್ಪ" ಅಂದರು.

ಸತ್ತೆ

ಆಮೇಲೆ ಮೆಲ್ಬರ್ನ್‌ಗೆ, ಗ್ಲೆನ್ ವೇವರ್ಲಿಗೆ ಬಂದ್ವಿ. ಪಕ್ಕದ ಮನೇಲಿ ಕೊರಿಯನ್ ಅಜ್ಜಿ. ಮಗಳು ಕೆಲಸಕ್ಕೆ ಹೋದರೆ ಒಬ್ಬರೇ. ಒಂದು ಮಧ್ಯಾಹ್ನ ಅವರ ಕಿಟಕಿಯಿಂದ ಚೀರಾಟ: "ಐಗೋ, ಜುಕೆತ್ತಾ! ಜುಕೆತ್ತಾ!"

ಸೀರಿಯಲ್‌ನಲ್ಲಿ ಆಸ್ಪತ್ರೆ ಹಾಸಿಗೆ ಮೇಲೆ ಹೇಳೋ ಮಾತದು. ಸಾಯ್ತೀನಿ ಅಂತ! "ಆಂಬುಲೆನ್ಸ್‌ಗೆ ಫೋನ್ ಮಾಡ್ರೀ!" ಅಂತ ಗಂಡನಿಗೆ ಕೂಗಿ ಓಡಿದೆ. ಹಿಂದಿನ ಬಾಗಿಲು ತೆರೆದೇ ಇತ್ತು. ಅಜ್ಜಿ ನೆಲದ ಮೇಲೆ ಕೂತು ಎದೆ ಹಿಡಿದುಕೊಂಡಿದ್ದಾರೆ, ಕಣ್ಣಲ್ಲಿ ನೀರು, ಉಸಿರೇ ಸಿಗ್ತಿಲ್ಲ. ಬೆನ್ನು ಸವರಿದೆ. ಅವರು ಟಿವಿ ಕಡೆ ಬೆರಳು ತೋರಿಸಿದರು. ಅದರಲ್ಲಿ ದಪ್ಪ ಮನುಷ್ಯನೊಬ್ಬ ಸೊಸೆಯ ನೈಟಿ ಹಾಕಿಕೊಂಡು ಓಡ್ತಿದ್ದ. ಅಜ್ಜಿ ನಕ್ಕು ನಕ್ಕು ಸಾಯ್ತಿದ್ದರು!

ನೀರು ಹಿಡಿದು ಓಡಿಬಂದ ಅತ್ತೆ ಟಿವಿ ನೋಡಿ ಅಲ್ಲೇ ಕುಸಿದರು. "ಅಯ್ಯೋ, ಸತ್ತೆ ಕಣೇ! ಸತ್ತೆ!" ಅಂತ ಅವರೂ ಹೊಟ್ಟೆ ಹಿಡಿದುಕೊಂಡು ಕಿರುಚೋಕೆ ಶುರು.

ಬಾಗಿಲಲ್ಲಿ ನಮ್ಮವರು ಬೆವರುತ್ತಾ ಫೋನ್ ಹಿಡಿದು ನಿಂತಿದ್ದರು. ಸ್ಪೀಕರ್‌ನಲ್ಲಿ ಆಂಬುಲೆನ್ಸ್‌ನವಳು ಗಾಬರಿಯಿಂದ ಕೇಳ್ತಿದ್ದಳು: "ಸರ್, ಈಗ ಇನ್ನೊಬ್ಬರಿಗೂ ಶುರುವಾಯ್ತಾ?"