ಬ್ರೇಕ್ ಹಾಕಿದ ವಾರ

ಹಳೆಯ ಕಾರು ಇಟ್ಟುಕೊಂಡವನು ತಮಾಷೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಜಾಕ್ ಹಚ್ಚಿದರೆ ಸಾಕು, ಅದೇ ಬಂದು ಸುತ್ತ ನಿಲ್ಲುತ್ತದೆ.

ನಮ್ಮ ಮಾಮಾ ಹಿಂದೊಮ್ಮೆ ಪುಣೆಯಿಂದ ತಂದ ಎರಡು ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು ಸದಲಗಾದ ನಮ್ಮ ಮನೆಯ ಮುಂದಿದೆ. ಬ್ರೇಕ್ ಒತ್ತಿದರೆ ಕಿರುಚುತ್ತಿತ್ತು, ನಿಲ್ಲುತ್ತಿರಲಿಲ್ಲ.

"ರವಿವಾರದೊಳಗ ಬ್ರೇಕ್ ಸರಿ ಆದ್ರ ಗಾಡಿ ನಿಂದು. ಇಲ್ಲಂದ್ರ ಗುಜರಿಗೆ," ಎಂದರು ಮಾಮಾ.

ನಾನು ಭೌತಶಾಸ್ತ್ರ ಓದಿದವನು. ಒಪ್ಪಿದೆ.

ಬಸ್ಸಿನಲ್ಲಿ

ಕೊಲ್ಹಾಪುರದಲ್ಲಿ ಬ್ರೇಕ್ ಪ್ಯಾಡು, ಅವು ಒತ್ತಿ ಹಿಡಿಯುವ ಎರಡು ಹೊಸ ಡಿಸ್ಕು ಸಿಕ್ಕವು. ನಿಪ್ಪಾಣಿ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ನನ್ನ ಚೀಲದಲ್ಲಿ ಇಣುಕಿದಳು.

"ಹಂಚು ಎಲ್ಲಿ ತಗೊಂಡಿ, ತಮ್ಮಾ?"

"ಹಂಚಲ್ರಿ ಅಕ್ಕಾರ. ಕಾರಿಂದು, ಬ್ರೇಕ್ ಡಿಸ್ಕ್."

ಆಕೆ ಒಂದನ್ನು ಎತ್ತಿ ನೋಡಿದಳು. "ಭಾರ ಐತಿ. ರೊಟ್ಟಿ ಚಲೋ ಆಗ್ತಾವ."

"ನಡುವ ತೂತು ಐತಲ್ರಿ."

ಆಕೆ ಬೆರಳು ತೂರಿಸಿದಳು. ಇನ್ನೊಂದನ್ನೂ ತೆಗೆದು ನೋಡಿದಳು. ಮುಖ ಗಂಭೀರವಾಯಿತು. "ನೋಡಿ ತಗೋಬಾರದಾ? ಎರಡೂ ತೂತಿನವ ಕೊಟ್ಟಾರ!"

ತಜ್ಞರ ಅಭಿಪ್ರಾಯ

ತುಕ್ಕು ಹಿಡಿದ ಬೋಲ್ಟಿನ ಜೊತೆ ನಾನು ಗುದ್ದಾಡುವಾಗ, ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ನೆರೆಯವನು ಬಂದು ನಿಂತ.

"ಹಳೇ ಬ್ರೇಕಿಗೆ ಏನಾಗಿತ್ರಿ?"

"ಹಿಡಿಯಂಗಿಲ್ಲ."

"ಅಷ್ಟಕ್ಕ ಇಷ್ಟ್ ಬಿಚ್ಚೀರಿ?" ಅವನಿಗೆ ನನ್ನ ಬಗ್ಗೆ ಮರುಕ ಬಂತು. "ನಾ ಎರಡು ಟ್ರಾಲಿ ಕಬ್ಬು ಹೇರ್ಕೊಂಡು ಅಥಣಿ ತನಕ ಹೊಡೀತೇನ್ರಿ. ಹಾಡು ಜೋರ್ ಹಚ್ಚೋದು. ಮಂದಿ ತಾವ ಬಾಜೂಕ ಸರೀತಾರ."

ಪೂಜೆ

ಡಿಸ್ಕಿಗೆ ಎಣ್ಣೆಯ ಪಸೆಯೂ ಇರಬಾರದು. ಕ್ಲೀನರ್ ಹೊಡೆದು, ಕೈ ತಾಗಿಸದೆ ಒರೆಸಿ, ನೀರು ಕುಡಿಯಲು ಒಳಗೆ ಹೋದೆ. ಬರುವಷ್ಟರಲ್ಲಿ ಅವ್ವ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಎರಡೂ ಡಿಸ್ಕಿಗೆ ಕುಂಕುಮ. ಅದು ಉದುರದಿರಲೆಂದು ಕೆಳಗೆ ಕೊಬ್ಬರಿ ಎಣ್ಣೆ.

"ಅವ್ವಾ, ಎಣ್ಣಿ ಹತ್ತಿದ್ರ ಬ್ರೇಕ್ ಹಿಡಿಯಂಗಿಲ್ಲ!"

ಅವ್ವ ಗಾಬರಿಯಾಗಲಿಲ್ಲ. "ಹಂಗಾರ ಗಾಲಿಗೆ ಇನ್ನೆರಡು ನಿಂಬಿಹಣ್ಣು ಇಡ್ತೀನಿ ತಗೋ."

ರವಿವಾರ

ಕುಂಕುಮ, ಎಣ್ಣೆ ಎಲ್ಲ ಮತ್ತೆ ಒರೆಸಿ ಬ್ರೇಕ್ ಜೋಡಿಸಿದ್ದಾಗಿತ್ತು. ಇನ್ನು ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಬೇಕು. ಅದಕ್ಕೊಂದು ಕ್ರಮವಿದೆ: ಅರವತ್ತರ ವೇಗಕ್ಕೆ ಹೋಗಿ, ನಡಿಗೆಯ ವೇಗಕ್ಕೆ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ಅರವತ್ತು. ಹೀಗೆ ಹತ್ತು ಸಲ. ಬೆಳಿಗ್ಗೆ ಚಿಕ್ಕೋಡಿ ರಸ್ತೆಗೆ ಹೋದೆ.

ಮೊದಲ ಸಲ ವೇಗ ಇಳಿಸಿದಾಗ, ಹೊಲಕ್ಕೆ ಹೊರಟಿದ್ದ ಇಬ್ಬರು ಹೆಂಗಸರು ಬುತ್ತಿ ಹಿಡಿದು ಓಡಿ ಬಂದರು. ಕೈ ಬಾಗಿಲಿಗೆ ತಾಗುವಷ್ಟರಲ್ಲಿ ನಾನು ಅರವತ್ತಕ್ಕೆ ಹೊರಟೆ.

"ಸೊಕ್ಕ ನೋಡಬೇ ಅವಂದು!"

ನಾಲ್ಕನೆಯ ಸಲ ಹಾಲಿನ ಕ್ಯಾನಿನವನು ಓಡಿದ. ಏಳನೆಯ ಸಲ ಬಿಳಿ ಟೋಪಿಯ ಹಿರಿಯರೊಬ್ಬರು ಬಸ್‌ಸ್ಟಾಪಿನಿಂದ ಕೈ ಎತ್ತಿಕೊಂಡು ಓಡಿ ಬಂದರು. ಮಾಮಾ.

ಕ್ರಮ ಕೆಡಿಸುವಂತಿಲ್ಲ. "ಮಾಮಾ, ಇನ್ನೂ ಮೂರದಾವ!" ಎಂದು ಕೂಗಿ ಹೋದೆ.

ಮೂರನ್ನೂ ಮುಗಿಸಿ ತಿರುಗಿ ಬಂದಾಗ ಮಾಮಾ ಗುಜರಿಯವನಿಗೆ ಫೋನ್ ಹಚ್ಚಿದ್ದರು. "ನನ್ನ ಕಣ್ಣ ಮುಂದನ ಹಾದು ಹೋತು. ನಿಲ್ಲಂಗಿಲ್ಲ. ಇವತ್ತ ಬಂದು ಒಯ್ರಿ."

ವಿವರಿಸಿದೆ. ನಂಬಲಿಲ್ಲ. "ಹತ್ರಿ ಮಾಮಾ, ನೀವ ನೋಡ್ರಿ," ಎಂದೆ. ಫೋನ್ ಹಿಡಿದುಕೊಂಡೇ ಹತ್ತಿದರು. ಬೆಲ್ಟ್ ಹಾಕಿಸಿದೆ. ಅರವತ್ತಾಯಿತು.

"ಈಗ ನಿಲ್ಲಸಲೇ!" ಎಂದು ಮಾಮಾ ಕೂಗಿದರು.

ಒತ್ತಿದೆ. ಕಿರುಚಲಿಲ್ಲ. ಅಲ್ಲೇ ನಿಂತಿತು. ಬೆಲ್ಟು ಮಾಮಾರನ್ನು ಹಿಡಿಯಿತು. ಟೋಪಿ ಗಾಜಿಗೆ ಹೋಯಿತು, ಫೋನು ಕಾಲ ಬುಡಕ್ಕೆ. ಅಲ್ಲಿಂದ ಗುಜರಿಯವನು "ಹಲೋ, ಹಲೋ" ಅನ್ನುತ್ತಿದ್ದ.

ಮಾಮಾ ಫೋನ್ ಎತ್ತಿಕೊಂಡರು. "ಬರಬ್ಯಾಡ್ರಿ. ನಿಂತೈತಿ."

ಟೋಪಿ ಝಾಡಿಸಿ ಇಟ್ಟುಕೊಂಡು ಕೆಳಗಿಳಿದರು. "ಗಾಡಿ ನಿಂದು."

"ಹತ್ರಿ, ಮನೀತನಕ ಬಿಡ್ತೀನಿ."

"ಬ್ಯಾಡಪಾ," ಎಂದು ಮಾಮಾ ಬಸ್‌ಸ್ಟಾಪಿನ ಕಡೆ ನಡೆದರು. "ಬಸ್ ನಿಧಾನಕ ನಿಲ್ಲತೈತಿ."